ಆಂಜಿನಮ್ಮ ಒಪ್ಪಿಕೊಂಡ ಒಂದು ಪದ

ಆಂಜಿನಮ್ಮ ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಮಾಸ್ತಿಯಿಂದ ಮಾಲೂರಿಗೆ ಹೋಗುವ ಬೆಳಗಿನ ಬಸ್ಸು ಅರ್ಧಕ್ಕರ್ಧ ಖಾಲಿ ಇದ್ದ ದಿನವೂ ಅವಳು ಕಂಬಿ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ನಿಂತೇ ಬರುತ್ತಿದ್ದಳು. "ಬಾರಮ್ಮ, ಸೀಟೈತಲ್ಲ" ಎಂದು ಯಾರಾದರೂ ಕರೆದರೆ, "ನೀವು ಕೂತ್ಕೊಳಿ. ಕೂರೋ ಕೆಲ್ಸ ನಂಗೆ ಬೇಕಾದಷ್ಟೈತೆ" ಎನ್ನುತ್ತಿದ್ದಳು. ಮಾಲೂರಿನ ಹೊರಗಿನ ಒಂದು ಗಾರ್ಮೆಂಟ್ಸಿನಲ್ಲಿ ಅವಳು ಟೈಲರ್. ಬೆಳಿಗ್ಗೆ ಒಂಬತ್ತಕ್ಕೆ ಮಿಷನ್ನಿನ ಮುಂದೆ ಕೂತರೆ ಊಟದ ಅರ್ಧ ಗಂಟೆ ಬಿಟ್ಟು ಸಂಜೆ ಐದೂವರೆಯ ತನಕ ಏಳುವಂತಿಲ್ಲ.

ನಾನು ಅದೇ ಬಸ್ಸಿನಲ್ಲಿ ಮಾಲೂರಿನ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡಲು ಹೋಗುವವಳು. ಡ್ರೈವರ್ ಹಿಂದಿನ ಎರಡನೆಯ ಸೀಟು ನನ್ನದು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದ್ದೇನೆ, ತೂಕಡಿಸಿದ್ದೇನೆ, ಪಕ್ಕದವರ ಸಂಸಾರದ ಕಥೆ ಕೇಳಿಸಿಕೊಳ್ಳದವಳಂತೆ ನಟಿಸುತ್ತ ಪೂರ್ತಿ ಕೇಳಿಸಿಕೊಂಡಿದ್ದೇನೆ. ಒಂದು ದಿನ ಹಿಂದಿನಿಂದ ಕಿವಿಯ ಹತ್ತಿರವೇ ಒಂದು ದನಿ ಬಂತು: "ಮೇಡಂ, ಬ್ಲೌಸಿನ ಭುಜ ಬಿಚ್ಕೊಳ್ತಾ ಐತೆ. ಅಲ್ಲಾಡಬೇಡಿ." ತಿರುಗುವಷ್ಟರಲ್ಲಿ ಆಂಜಿನಮ್ಮ ತಾಳಿಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳ ನಡುವಿನಿಂದ ಒಂದು ಸೂಜಿ ಎಳೆದಾಗಿತ್ತು. ಬಸ್ಸು ಹಳ್ಳಕೊಳ್ಳ ಹಾರುತ್ತಿದ್ದರೂ ಒಂದು ಸಲವೂ ನನಗೆ ಚುಚ್ಚಲಿಲ್ಲ. ದಾರವನ್ನು ಹಲ್ಲಲ್ಲಿ ಕಡಿದು, "ಯಾರು ಹೊಲಿದಿದ್ದು ಇದನ್ನ?" ಎಂದು ಕೇಳಿದಳು. ಹೇಳಿದೆ. "ಅವನಿಗೊಂದು ಸ್ವಲ್ಪ ಬುದ್ಧಿ ಹೇಳಿ" ಎಂದಳು. ಕೆಟ್ಟ ಕೈಬರಹದ ಹುಡುಗರ ಬಗ್ಗೆ ನಾನು ಅವರ ತಾಯಂದಿರಿಗೆ ಹೇಳುವ ಧಾಟಿ ಅದೇ.

ಐದಡಿ ದಾಟದ ಆಳು. ದನಿ ಮಾತ್ರ ಆರಡಿಯದು. ವಯಸ್ಸು ನಲವತ್ತರ ಆಚೀಚೆ. ಹತ್ತನೆಯ ಕ್ಲಾಸು ಪಾಸಾಗಿದ್ದಳು, ಇಂಗ್ಲಿಷಿನಲ್ಲಿ ಮಾತ್ರ "ದೇವರು ದಾಟ್ಸಿದ" ಎನ್ನುತ್ತಿದ್ದಳು. ಮನೆಮಾತು ತೆಲುಗು, ಬೀದಿಮಾತು ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಗಂಡ ಹಾಲಿನ ಟೆಂಪೋ ಓಡಿಸುತ್ತಿದ್ದ. ಟೆಂಪೋ ತಿಂಗಳಲ್ಲಿ ಹದಿನೈದು ದಿನ ರಿಪೇರಿ. ಹಾಗಾಗಿ ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲೇ. ಹನ್ನೊಂದು ವರ್ಷದಿಂದ ಒಂದೇ ಫ್ಯಾಕ್ಟರಿ, ಒಂದೇ ಮಿಷನ್ನು, ಒಂದೇ ಕೆಲಸ: ಅಂಗಿಯ ಕಾಲರು. "ಇಷ್ಟು ವರ್ಷದಾಗೆ ಒಂದು ಪೂರ್ತಿ ಅಂಗಿ ಹೊಲಿದಿಲ್ಲ ಮೇಡಂ. ಕತ್ತು ಮಾತ್ರ ನಂದು. ಮಿಕ್ಕಿದ್ದು ಯಾರ್ಯಾರ್ದೋ." ಯಾವುದೇ ತೊಡಕು ಬರಲಿ, ಮೊದಲು ಬಾಯಿಂದ ಬರುತ್ತಿದ್ದ ಮಾತು "ಚೂದ್ದಾಂ". ನೋಡೋಣ ಎಂದು ಅರ್ಥ. ನಾವೆಲ್ಲ ಕೈಚೆಲ್ಲುವಾಗ ನೋಡೋಣ ಅನ್ನುತ್ತೇವೆ. ಅವಳು ಅನ್ನುವಾಗ ಕೈಯಲ್ಲಿ ಏನೋ ಕೆಲಸ ಶುರುವಾಗಿರುತ್ತಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಮಾರ್ಗಕ್ಕೆ ಒಬ್ಬ ಹೊಸ ಡ್ರೈವರಪ್ಪ ಬಂದ. ಹೆಂಗಸರ ಗುಂಪು ಕಂಡರೆ ಅವನ ಕಾಲು ಬ್ರೇಕಿನ ಮೇಲೆ ಬೀಳುತ್ತಿರಲಿಲ್ಲ. ಆಂಜಿನಮ್ಮನ ಹಳ್ಳಿಯ ಗೇಟಿನಲ್ಲಿ, ಅಂದರೆ ಊರದಾರಿ ಬಂದು ಟಾರು ರಸ್ತೆಗೆ ಸೇರುವ ಸ್ಟಾಪಿನಲ್ಲಿ, ಏಳೆಂಟು ಜನ ಗಾರ್ಮೆಂಟ್ಸಿನವರು ಕೈ ಚಾಚಿಕೊಂಡು ನಿಂತಿರುತ್ತಿದ್ದರು. ಬಸ್ಸು ದೂಳೆಬ್ಬಿಸಿ ಹೋಗುತ್ತಿತ್ತು. ತಡವಾದರೆ ಫ್ಯಾಕ್ಟರಿಯಲ್ಲಿ ಅರ್ಧ ದಿನ ಹಾಜರಿ ಇಲ್ಲ. ಎರಡು ದಿನ ಹೀಗಾಯಿತು. ಮೂರನೆಯ ದಿನ ನಾನು ಕಿಟಕಿಯಿಂದ ನೋಡುತ್ತೇನೆ, ಗೇಟಿನಲ್ಲಿ ಒಬ್ಬ ಹೆಂಗಸೂ ಇಲ್ಲ. ಬಿಳಿ ಪಂಚೆ, ಕೈಯಲ್ಲಿ ಚೀಲ, ಒಬ್ಬ ಮುದುಕಪ್ಪ ಮಾತ್ರ ಘನವಾಗಿ ಕೈ ಎತ್ತಿ ನಿಂತಿದ್ದಾನೆ. ಬಸ್ಸು ನಿಂತಿತು. ನಿಂತದ್ದೇ ತಡ, ತಂಗುದಾಣದ ಗೋಡೆಯ ಹಿಂದಿನಿಂದ ಆಂಜಿನಮ್ಮನನ್ನು ಮುಂದೆ ಮಾಡಿಕೊಂಡು ಎಂಟು ಹೆಂಗಸರು ಟಿಫನ್ ಡಬ್ಬಿ ಸಮೇತ ಹತ್ತಿಬಿಟ್ಟರು. ಮುದುಕಪ್ಪ ಹತ್ತಲೇ ಇಲ್ಲ. ಚೀಲ ಕೊಡವಿಕೊಂಡು ಮನೆಗೆ ನಡೆದ. ಒಂದು ತಿಂಗಳು ಆ ತಾತ ದಿನವೂ ಬಂದು ಕೈ ಎತ್ತಿದ. ಕೊನೆಗೆ ಡ್ರೈವರಪ್ಪನೇ ಸೋತು, "ತಾತನ್ನ ಮಲಗಕ್ಕೆ ಬಿಡ್ರಮ್ಮಾ, ನಿಲ್ಲಿಸ್ತೀನಿ" ಎಂದು ಕೈ ಮುಗಿದ.

ಇಂಥವಳ ಕೈಗೆ ಒಂದು ದಿನ ಎರಡು ಪುಟದ ಇಂಗ್ಲಿಷ್ ನೋಟಿಸು ಬಂತು. ಅದು ಯಾಕೆ ಬಂತು ಎಂಬುದನ್ನು ಮೊದಲು ಹೇಳಬೇಕು.

ಆ ಫ್ಯಾಕ್ಟರಿಯಲ್ಲಿ ಒಂದೊಂದು ಲೈನಿಗೆ ನಲವತ್ತೆರಡು ಹೆಂಗಸರು. ಸೂಪರ್‌ವೈಸರನ ಮೇಜಿನ ಹಿಂದೆ ಗೋಡೆಗೊಂದು ಮೊಳೆ, ಮೊಳೆಗೊಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ. ಶೌಚಾಲಯಕ್ಕೆ ಹೋಗುವವಳು ಆ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಅವಳು ಬಂದು ಅದನ್ನು ಮೊಳೆಗೆ ತೂಗುಹಾಕುವವರೆಗೆ ಇನ್ನೊಬ್ಬಳು ಸ್ಟೂಲು ಬಿಟ್ಟು ಏಳುವಂತಿಲ್ಲ. ನಲವತ್ತೆರಡು ಜನಕ್ಕೆ ಒಂದೇ ಬಿಲ್ಲೆ. ಅದಕ್ಕೇ ಆ ಲೈನಿನವರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲೂ ಅವರ ನೀರಿನ ಬಾಟಲಿ ಸಂಜೆ ಬಸ್ಸಿನಲ್ಲಿ ತುಂಬಿದ್ದು ತುಂಬಿದಂತೆಯೇ ಇರುತ್ತಿದ್ದುದನ್ನು ನಾನೇ ನೋಡಿದ್ದೇನೆ. ನೋಡಿ, ಯಾಕೆ ಎಂದು ಕೇಳದೆ ಸುಮ್ಮನಿದ್ದೆ.

ಆಂಜಿನಮ್ಮನ ಪಕ್ಕದ ಮಿಷನ್ನಿನವಳು ಶಾಹಿದಾ. ಅದೇ ಬಸ್ಸಿಗೆ ಎರಡು ಗೇಟು ಮುಂದೆ ಹತ್ತುತ್ತಿದ್ದಳು. ಐವತ್ತರ ಹೆಂಗಸು, ಸಕ್ಕರೆ ಕಾಯಿಲೆ. ಒಂದು ಮಧ್ಯಾಹ್ನ ಬಿಲ್ಲೆ ಇನ್ನೊಬ್ಬಳ ಕೊರಳಲ್ಲಿದ್ದಾಗ ಶಾಹಿದಾ ಎದ್ದಳು, ಸೂಪರ್‌ವೈಸರ್ ಕೂರಿಸಿದ. ಮತ್ತೆ ಎದ್ದಳು, ಮತ್ತೆ ಕೂರಿಸಿದ. ಮೂರನೆಯ ಸಲ ಅವಳು ಏಳಲಿಲ್ಲ, ಏಳಬೇಕಾದ ಅಗತ್ಯವೂ ಉಳಿದಿರಲಿಲ್ಲ. ಸ್ಟೂಲಿನ ಕೆಳಗೆ ನೆಲ ಒದ್ದೆಯಾಗಿತ್ತು. ಮೊಮ್ಮಕ್ಕಳನ್ನು ಕಂಡ ಹೆಂಗಸು, ತಲೆ ತಗ್ಗಿಸಿ ಮಿಷನ್ನಿನ ಮೇಲೆ ಮುಖ ಇಟ್ಟುಬಿಟ್ಟಳು. ಆಂಜಿನಮ್ಮ ಯಾರನ್ನೂ ಕೇಳದೆ ಎದ್ದು, ತನ್ನ ಚೀಲದಲ್ಲಿದ್ದ ಟವೆಲನ್ನು ಶಾಹಿದಾಳ ಸೊಂಟಕ್ಕೆ ಸುತ್ತಿ, ಬಿಲ್ಲೆಯಿಲ್ಲದೆ ಅವಳನ್ನು ಹೊರಗೆ ನಡೆಸಿಕೊಂಡು ಹೋದಳು. ಹಿಂದಿನಿಂದ ಸೂಪರ್‌ವೈಸರ್ ಕೂಗಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ಚೂದ್ದಾಂ."

ಮಾರನೆಯ ದಿನ ಊಟದ ಹೊತ್ತಿಗೆ, ತಗಡಿನ ಶೀಟಿನ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತಾಗ ಮಾತು ಶುರುವಾಯಿತು. ಒಬ್ಬಳು ಒಂದು ಉಪಾಯ ಹೇಳಿದಳು. ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗುವವರೆಗೆ ಆ ಮಿಷನ್ನು ನಡೆಯುವಂತಿಲ್ಲ. ಬಟ್ಟೆಯಲ್ಲಿ ಚೂರು ಉಳಿದು ಯಾರಿಗಾದರೂ ಚುಚ್ಚಿದರೆ ದೊಡ್ಡ ರಾದ್ಧಾಂತ. ಎಲ್ಲರೂ ಒಂದೇ ಸಲ ಸೂಜಿ ಮುರಿದುಬಿಡೋಣ, ಚೂರು ಹುಡುಕುವ ನೆಪದಲ್ಲಿ ಹೊರಗೆ ಹೋಗಿ ಬರಬಹುದು ಎಂದಳು ಅವಳು. ಆಂಜಿನಮ್ಮ ಒಪ್ಪಲಿಲ್ಲ. "ಅದು ಕಳ್ಳಾಟ ಕಣೇ. ಸೂಜಿ ಏನ್ ಪಾಪ ಮಾಡೈತೆ? ನಾಳೆ ಯಾವುದೋ ಮಗು ಹಾಕ್ಕೊಳೋ ಅಂಗಿ ಅದು. ಅವ್ರ ರೂಲ್ಸನ್ನೇ ಪಾಲಿಸಾಣ. ಪೂರ್ತಿ ಪಾಲಿಸಾಣ." ಯೋಜನೆ ಇಷ್ಟೇ: ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಲವತ್ತೆರಡು ಜನವೂ ಮಿಷನ್ ಆಫ್ ಮಾಡಿ ಎದ್ದು, ಬಿಲ್ಲೆಯ ಮುಂದೆ ಸಾಲಾಗಿ ನಿಲ್ಲುವುದು. ಮೊದಲನೆಯವಳು ಹೋಗಿ ಬಂದ ಮೇಲೆ ಎರಡನೆಯವಳು. ಎರಡನೆಯವಳಾದ ಮೇಲೆ ಮೂರನೆಯವಳು. ಗಲಾಟೆ ಇಲ್ಲ, ಘೋಷಣೆ ಇಲ್ಲ. ಎಲ್ಲರಿಗೂ ಅವಸರ, ಬಿಲ್ಲೆ ಒಂದೇ, ಕಾಯುತ್ತಿದ್ದೇವೆ, ಅಷ್ಟೇ.

ಅದಕ್ಕಿಂತ ಹೆಚ್ಚು ನನ್ನನ್ನು ನಗಿಸಿದ್ದು ಬುಧವಾರದ ಸಂಜೆ ಅವಳು ಮಾಡಿದ ಕೆಲಸ. ನೇರವಾಗಿ ಸೂಪರ್‌ವೈಸರನ ಮೇಜಿಗೆ ಹೋಗಿ, "ಸಾರ್, ನಾಳೆ ಮೂರು ಗಂಟೆಗೆ ನಮ್ಮ ಲೈನಿಗೆಲ್ಲಾ ಅವಸರ ಆಗ್ತದೆ. ಬಿಲ್ಲೆ ಜಾಸ್ತಿ ಇಟ್ಟಿದ್ರೆ ಒಳ್ಳೇದು" ಎಂದು ಹೇಳಿ ಬಂದಳು. ಅವನು ನಕ್ಕು, ತಲೆ ಕೆಟ್ಟಿದೆಯೇ ಎಂದು ಕೇಳಿದನಂತೆ.

ಗುರುವಾರ ಮೂರು ಗಂಟೆಗೆ ನಲವತ್ತೆರಡು ಮಿಷನ್ನು ಒಟ್ಟಿಗೆ ನಿಂತವು. ಸಾಲು ಮೇಜಿನಿಂದ ಕಟಿಂಗ್ ಸೆಕ್ಷನ್ ತನಕ ಹೋಯಿತು. ಸಂಜೆ ಗಂಟೆ ಹೊಡೆದಾಗಲೂ ಕೊನೆಯ ನಾಲ್ವರು ನಿಂತೇ ಇದ್ದರು. ಸೋಮವಾರ ಆಂಜಿನಮ್ಮ ಒಬ್ಬಳನ್ನೇ ಅಮಾನತು ಮಾಡಿ ನೋಟಿಸು ಕೊಟ್ಟರು. ಹತ್ತು ದಿನ ಬಿಟ್ಟು ವಿಚಾರಣೆ. ಅಲ್ಲಿಯವರೆಗೆ ದಿನವೂ ಬೆಳಿಗ್ಗೆ ಗೇಟಿಗೆ ಬಂದು ಸಹಿ ಹಾಕಿ ಹೋಗಬೇಕು.

ಮಂಗಳವಾರ ಬಸ್ಸಿನಲ್ಲಿ ಅವಳು ಟಿಫನ್ ಡಬ್ಬಿಯ ಮೇಲಿನ ಬಟ್ಟಲಿನಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಆ ಕಾಗದ ತೆಗೆದು ನನ್ನ ಕೈಗಿಟ್ಟಳು. ಓದಿದೆ. ವಕೀಲರ ಇಂಗ್ಲಿಷು. ನಡುವೆ ಒಂದು ಕಡೆ ಐದು ಕ್ರಿಯಾಪದಗಳನ್ನು ಸಾಲಾಗಿ ನಿಲ್ಲಿಸಿದ್ದರು. ಉತ್ಪಾದನೆ ನಿಲ್ಲಿಸಲು ನೀವು ಪ್ಲ್ಯಾನ್ ಮಾಡಿದ್ದೀರಿ, ಪ್ಲಾಟ್ ಮಾಡಿದ್ದೀರಿ, ಸ್ಕೀಮ್ ಮಾಡಿದ್ದೀರಿ, ಕಂಟ್ರೈವ್ ಮಾಡಿದ್ದೀರಿ, ಕನ್‌ಸ್ಪೈರ್ ಮಾಡಿದ್ದೀರಿ ಎಂದು.

"ಏನಂತೆ ಮೇಡಂ?"

"ಸಂಚು ಮಾಡಿದ್ದೀಯ ಅಂತ."

"ಐದಕ್ಕೂ ಅದೇನಾ?"

"ಹೆಚ್ಚುಕಮ್ಮಿ ಅದೇ" ಎಂದೆ.

ಅವಳು ಕಾಗದವನ್ನು ನನ್ನ ಕೈಯಿಂದ ವಾಪಸು ತಗೊಂಡಳು. "ಒಂದೇ ಆಗಿದ್ರೆ ಒಂದೇ ಬರೀತಿದ್ರು. ನಮ್ಮಲ್ಲಿ ಹೊಲಿಗೆ ಎಷ್ಟು ಥರ ಐತೆ ಗೊತ್ತಾ ಮೇಡಂ? ಹೊರಗಿನವ್ರಿಗೆ ಎಲ್ಲಾ ಹೊಲಿಗೇನೇ. ನೀವು ಇಂಗ್ಲಿಷಿನ ಒಳಗಿನವ್ರು ಅನ್ಕೊಂಡಿದ್ದೆ."

ಆ ಮಾತು ನನಗೆ ತಾಗಿತು. ಹತ್ತೊಂಬತ್ತು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಹಾಗೆ ಹಿಡಿದಿರಲಿಲ್ಲ. ಅಂದು ಸಂಜೆ ಮನೆಗೆ ಹೋದವಳೇ ದಪ್ಪ ನಿಘಂಟು ಕೆಳಗಿಳಿಸಿ, ಕೂತು, ಐದನ್ನೂ ಒಂದೊಂದಾಗಿ ನೋಡಿದೆ. ಬುಧವಾರದಿಂದ ನಮ್ಮ ಬಸ್ಸಿನಲ್ಲಿ ಪಾಠ ಶುರುವಾಯಿತು. ನಾನು ಕೂತಿದ್ದೆ, ಆಂಜಿನಮ್ಮ ನಿಂತಿದ್ದಳು, ಉಳಿದವರು ಕೇಳದೆಯೇ ಸೇರಿಕೊಂಡರು.

ಪ್ಲ್ಯಾನ್ ಸುಲಭವಾಗಿ ಹೋಯಿತು. ಮುಂದೆ ಮಾಡಬೇಕಾದ್ದನ್ನು ಮೊದಲೇ ಯೋಚಿಸಿ ಹೊಂದಿಸಿಕೊಳ್ಳುವುದು. ಮದುವೆಗೂ ಬೇಕು, ಮಡಿ ಕಟ್ಟುವುದಕ್ಕೂ ಬೇಕು. "ಇದು ತಪ್ಪಾ ಮೇಡಂ?" ಎಂದಳು. ತಪ್ಪಲ್ಲ ಎಂದೆ. "ಸರಿ, ಇದು ನಂದು" ಎಂದು ಬೆರಳು ಮಡಿಸಿದಳು. ಪ್ಲಾಟ್ ಎಂದಾಗ ಹಿಂದಿನ ಸೀಟಿನ ಗೌಡರು, "ಅದು ಸೈಟಲ್ವಾ, ಮೂವತ್ತು ನಲವತ್ತು?" ಎಂದು ತಲೆ ಹಾಕಿದರು. ಅದಲ್ಲ, ಕೆಡುಕು ಮಾಡಲು ಮುಚ್ಚುಮರೆಯಲ್ಲಿ ಹೂಡುವ ಹೂಟ ಎಂದು ಹೇಳುವಷ್ಟರಲ್ಲಿ ಮಾಲೂರು ಬಂದಿತ್ತು. ಸ್ಕೀಮ್ ಅಂದರೆ ಸರ್ಕಾರ ಕೊಡುವುದು ಎಂಬ ವಿಷಯದಲ್ಲಿ ಇಡೀ ಬಸ್ಸು ಒಂದಾಗಿತ್ತು. ಸ್ವಂತ ಲಾಭಕ್ಕೆ ಬಹಳ ದಿನದಿಂದ ಹವಣಿಸುವ ಹುನ್ನಾರಕ್ಕೂ ಅದೇ ಹೆಸರು ಎಂದು ಅವರನ್ನು ಒಪ್ಪಿಸಲು ನನಗೆ ಎರಡು ಬೆಳಿಗ್ಗೆ ಹಿಡಿಯಿತು.

ಕಷ್ಟವಾದದ್ದು ಕಂಟ್ರೈವ್. ಬೇಕೆಂದೇ ಮಾಡಿದ್ದನ್ನು ತಾನಾಗಿಯೇ ಆದಂತೆ ಕಾಣಿಸುವ ಚಾಲಾಕು ಎಂದೆ. ಆಂಜಿನಮ್ಮ ಅದಕ್ಕೆ ನಕ್ಕಳು. "ತಾತನ್ನ ನಿಲ್ಲಿಸಿ ಬಸ್ಸು ಹತ್ತಿದ್ದು ಇದೇ ಅಲ್ವಾ ಮೇಡಂ? ಅದು ಮಾಡಿದೀನಿ, ಒಪ್ಕೋತೀನಿ. ಫ್ಯಾಕ್ಟರಿಯಾಗೆ ಮಾಡಿಲ್ಲ. ಸೂಜಿ ಮುರಿದಿದ್ರೆ ಆಗ್ತಿತ್ತು. ಮುರೀಲಿಲ್ಲ." ಡ್ರೈವರಪ್ಪ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ.

ಕನ್‌ಸ್ಪೈರ್ ಪದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಶಾಹಿದಾ, "ಮಸಲತ್ತು" ಎಂದಳು. ಆಂಜಿನಮ್ಮ ತೆಲುಗಿನಲ್ಲಿ, "ಕುಟ್ರ" ಎಂದಳು. ನಾನು ಒಳಸಂಚು ಎಂದೆ. ಹಲವರು ಸೇರಿ ಗುಟ್ಟಾಗಿ ಒಂದು ಕೇಡಿಗೆ ಕೈ ಹಾಕುವುದು. ಮೂವರಿಗೂ ಅರ್ಥವಾಗಿತ್ತು, ಯಾರಿಗೂ ಇಷ್ಟವಾಗಲಿಲ್ಲ.

ವಿಚಾರಣೆಯ ಹಿಂದಿನ ದಿನ ನಾನೇ ತಡೆಯಲಾರದೆ ಹೇಳಿದೆ: "ನೀನು ಮಾಡಿದ್ದಕ್ಕೆ ಸರಿಯಾದ ಪದ ಇನ್ನೊಂದಿದೆ. ಡಿವೈಸ್. ದಾರಿಯೇ ಇಲ್ಲದ ಕಡೆ ತಲೆ ಓಡಿಸಿ ದಾರಿ ಮಾಡಿಕೊಳ್ಳೋದು."

"ಅದು ಇದ್ರಾಗಿಲ್ವಾ?"

"ಇಲ್ಲ."

"ಯಾಕೆ ಬಿಟ್ರು?" ಎಂದಳು. ಅವಳು ಪೆನ್ನು ಇಸಿದುಕೊಂಡು ಅಂಗೈ ಮೇಲೆ ಕನ್ನಡದಲ್ಲಿ 'ಡಿವೈಸ್' ಎಂದು ಬರೆದುಕೊಂಡಳು.

ವಿಚಾರಣೆಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು. ಶಾಹಿದಾ ತಾನೇ ಬರುತ್ತೇನೆಂದಳು. ಅಲ್ಲಿ ನಡೆದದ್ದನ್ನು ಅವಳು ಮಾರನೆಯ ದಿನ ಬಸ್ಸಿನಲ್ಲಿ ಎಲ್ಲರ ದನಿಯನ್ನೂ ಅನುಕರಿಸಿ ಹೇಳಿದಳು; ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ವಿಚಾರಣೆ ಮಾಡಲು ಬೆಂಗಳೂರಿನಿಂದ ಒಬ್ಬ ವಕೀಲರು ಬಂದಿದ್ದರು. ಪಕ್ಕದಲ್ಲಿ ಫ್ಯಾಕ್ಟರಿಯ ಸಿಬ್ಬಂದಿ ವಿಭಾಗದ ಎಚ್ಚಾರ್ ಸಾಹೇಬರು. ಆಪಾದನೆ ಒಪ್ಪುತ್ತೀರೋ ಇಲ್ಲವೋ ಎಂದು ವಕೀಲರು ಕೇಳಿದರು.

"ಇದ್ರಾಗೆ ಐದು ಅವೆ ಸಾರ್. ಒಂದೊಂದೇ ಕೇಳಿ" ಎಂದಳು ಆಂಜಿನಮ್ಮ.

ವಕೀಲರು ಕನ್ನಡಕ ಸರಿಮಾಡಿಕೊಂಡು, "ಪ್ಲ್ಯಾನ್ ಮಾಡಿದ್ರಾ?" ಎಂದರು.

"ಹೂಂ ಸಾರ್. ಮಾಡಿದೀನಿ. ಊಟದ ಹೊತ್ನಾಗೆ, ಎಲ್ಲಾರ ಮುಂದೆ. ಬರ್ಕೊಳಿ."

ಎಚ್ಚಾರ್ ಸಾಹೇಬರ ಮುಖ ಅರಳಿತಂತೆ. ಕೆಲಸ ಇಷ್ಟು ಬೇಗ ಮುಗಿಯುತ್ತದೆಂದು ಅವರು ಎಣಿಸಿರಲಿಲ್ಲ.

"ಪ್ಲಾಟ್?"

"ಇಲ್ಲ ಸಾರ್. ಅದು ಮುಚ್ಚಿಟ್ಟು ಮಾಡೋದು. ನಾನು ಬುಧ್ವಾರನೇ ಸೂಪರ್‌ವೈಸರ್ಗೆ ಹೇಳಿದೀನಿ. ಕರೆಸಿ ಕೇಳಿ."

ಕರೆಸಿದರು. ಅವನು ನೆಲ ನೋಡುತ್ತ, "ಹೇಳಿದ್ರು ಸಾರ್. ನಾನು ತಮಾಷೆ ಅನ್ಕೊಂಡೆ" ಎಂದ.

"ಸ್ಕೀಮ್?"

"ಅದಕ್ಕೆ ಸ್ವಂತ ಲಾಭ ಇರ್ಬೇಕು ಸಾರ್. ನಂಗೆ ಸಿಕ್ಕಿದ್ದು ಸಸ್ಪೆಂಡು. ಆವತ್ತು ಸಾಲ್ನಾಗೆ ಕೊನೇಗೆ ನಿಂತಿದ್ದು ನಾನೇ, ನಂಗೆ ಬಿಲ್ಲೇನೂ ಸಿಗಲಿಲ್ಲ."

ಕಂಟ್ರೈವ್ ಎನ್ನುವಲ್ಲಿ ವಕೀಲರೇ ತಡವರಿಸಿ, ಎಚ್ಚಾರ್ ಸಾಹೇಬರ ಕಡೆ ತಿರುಗಿ, ಇದಕ್ಕೆ ಏನು ಆಧಾರ ಎಂದು ಕೇಳಿದರು. ಸಾಹೇಬರಿಗೆ ಆ ಪದದ ಅರ್ಥವೇ ಗೊತ್ತಿರಲಿಲ್ಲ. ಆಂಜಿನಮ್ಮ ಹೇಳಿಕೊಟ್ಟಳು. ಹೇಳಿಕೊಟ್ಟು, ಆ ತಿಂಗಳು ತಮ್ಮ ಲೈನಿನಲ್ಲಿ ಎಷ್ಟು ಸೂಜಿ ಮುರಿದಿದೆ ರಿಜಿಸ್ಟರು ತರಿಸಿ ನೋಡಿ ಎಂದಳು. ಗುರುವಾರದ ಪುಟದಲ್ಲಿ ಒಂದೂ ಇರಲಿಲ್ಲ.

ಕೊನೆಯದು ಕನ್‌ಸ್ಪೈರ್. ವಕೀಲರು ಕೇಳಿದಾಗ ಅವಳು ಶಾಹಿದಾಳ ಕಡೆ ಒಮ್ಮೆ ನೋಡಿ, ಆಮೇಲೆ ಹೇಳಿದಳಂತೆ: "ಅದಕ್ಕೆ ಒಂದು ಕೇಡು ಇರ್ಬೇಕು ಸಾರ್. ಹೆಂಗಸು ಉಚ್ಚೆ ಹೊಯ್ಯೋದು ಕೇಡಾ? ಇವ್ರನ್ನ ನೋಡಿ ಹೇಳಿ." ಶಾಹಿದಾ ಆ ಹೊತ್ತಿನಲ್ಲಿ ತಲೆ ತಗ್ಗಿಸಲಿಲ್ಲ ಎಂಬುದನ್ನು ನಮಗೆ ಎರಡು ಸಲ ಹೇಳಿದಳು. ಆಮೇಲೆ ಆಂಜಿನಮ್ಮ ಅಂಗೈ ನೋಡಿಕೊಂಡು, "ಇದ್ರಾಗೆ ಒಂದು ಬಿಟ್ಟೋಗೈತೆ ಸಾರ್. ಡಿವೈಸ್. ಅದನ್ನ ಸೇರಿಸ್ಕೊಳಿ, ಅದೂ ನಂದೇ" ಎಂದು ಎದ್ದು ಬಂದಳು.

ಬಸ್ಸಿನವರೆಲ್ಲ ಚಪ್ಪಾಳೆ ಹೊಡೆದರು. ಗೆದ್ದೆವು ಎಂದುಕೊಂಡೆವು. ನಾನಂತೂ ಅಂದು ತರಗತಿಯಲ್ಲಿ ಕಾರಣವಿಲ್ಲದೆ ಎರಡು ಸಲ ನಕ್ಕೆ.

ಒಂದು ವಾರದ ಮೇಲೆ ಗೇಟಿನಲ್ಲಿ ಅವಳ ಕೈಗೆ ಇನ್ನೊಂದು ಕಾಗದ ಕೊಟ್ಟರು. ಇದು ಅರ್ಧ ಪುಟ, ಇಂಗ್ಲಿಷಿನಲ್ಲೇ ಟೈಪಾದ ಕ್ಷಮಾಪಣೆ. ಉತ್ಪಾದನೆ ನಿಲ್ಲಿಸಲು ನಾನು ಅದನ್ನು ಮಾಡಿದ್ದೇನೆ, ಇದನ್ನು ಮಾಡಿದ್ದೇನೆ ಎಂದು ಅದೇ ಐದು ಕ್ರಿಯಾಪದ, ಅದೇ ಸಾಲು; ಕೆಳಗೆ ಸಹಿಗೆ ಜಾಗ. ಸಹಿ ಹಾಕಿದರೆ ಸೋಮವಾರದಿಂದ ಕೆಲಸಕ್ಕೆ ಬರಬಹುದು, ಇಲ್ಲದಿದ್ದರೆ ವಜಾ.

ಅವಳು ಅದನ್ನು ನನಗೆ ತೋರಿಸಿದಾಗ ನಾನು ಹೇಳಿದ್ದನ್ನು ಮುಚ್ಚಿಡುವುದಿಲ್ಲ. "ಹಾಕಿಬಿಡು" ಎಂದೆ. "ಹನ್ನೊಂದು ವರ್ಷದ ಕೆಲಸ. ಮನೆ ನಿನ್ನ ಮೇಲೆ ನಿಂತಿದೆ. ಆ ಕಾಗದ ಯಾವುದೋ ಫೈಲಿಗೆ ಹೋಗುತ್ತೆ, ಅಲ್ಲಿ ಯಾರು ಓದುತ್ತಾರೆ ಇಂಗ್ಲಿಷು? ಪದಗಳು ತಾನೇ."

ವಿಚಾರಣೆಯವರೆಗೆ ದಿನವೂ ಒಂದೊಂದು ಪದಕ್ಕೂ ತೂಕವಿದೆ ಎಂದು ಅವಳಿಗೆ ಕಲಿಸಿದವಳು ನಾನು. ಅದಾಗಿ ಒಂದು ವಾರಕ್ಕೆ ಪದಗಳು ತಾನೇ ಎಂದವಳೂ ನಾನೇ.

ಆಂಜಿನಮ್ಮ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಸಮಾಧಾನವಾಗಿ ಹೇಳಿದಳು: "ನಾನು ಸಹಿ ಹಾಕಿದ್ಮೇಲೆ ಅದು ನನ್ನ ಮಾತಾಗ್ತದೆ ಮೇಡಂ. ನಾಳೆ ಇನ್ನೊಬ್ಳು ಎದ್ದು ನಿಂತ್ರೆ, ಆ ಫೈಲು ತೆಗೀತಾರೆ. ನೋಡು, ಆಂಜಿನಮ್ಮನೇ ಒಪ್ಕೊಂಡವ್ಳೆ, ಇದು ಕುಟ್ರ ಅಂತ, ಅಂತಾರೆ. ಆವಾಗ ಅವ್ಳನ್ನ ಕೂರ್ಸೋದು ಸೂಪರ್‌ವೈಸರ್ ಅಲ್ಲ, ನಾನು."

ನನ್ನ ಕೆಂಪು ಪೆನ್ನು ಇಸಿದುಕೊಂಡಳು. ಐದು ಪದಗಳಲ್ಲಿ ನಾಲ್ಕನ್ನು, ಬಸ್ಸು ಕುಲುಕುತ್ತಿದ್ದರೂ, ನೆಟ್ಟಗೆ ಗೆರೆ ಎಳೆದು ಹೊಡೆದುಹಾಕಿದಳು. ಪ್ಲ್ಯಾನ್ ಒಂದನ್ನು ಉಳಿಸಿದಳು. ಅದರ ಪಕ್ಕದಲ್ಲಿ ನಾನು ಇನ್ನೊಂದು ಪದದ ಕಾಗುಣಿತ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೇಳಿಕೊಟ್ಟೆ. ಅವಳು ದೊಡ್ಡ ಅಕ್ಷರದಲ್ಲಿ ಬರೆದು, ಕನ್ನಡದಲ್ಲಿ ಸಹಿ ಹಾಕಿ, ಗೇಟಿನಲ್ಲಿ ಕೊಟ್ಟು ಬಂದಳು. ಸೋಮವಾರ ಅವಳನ್ನು ಕೆಲಸದಿಂದ ತೆಗೆದರು.

ಅವತ್ತೇ ಮಧ್ಯಾಹ್ನ ಮೂರು ಗಂಟೆಗೆ ಏನೂ ಆಗಲಿಲ್ಲ. ಆದರೆ ಏನೋ ಆಗುತ್ತದೆಂದು ಸೂಪರ್‌ವೈಸರ್ ಎರಡೂವರೆಯಿಂದಲೇ ಬೆವರುತ್ತಿದ್ದನಂತೆ. ಮಂಗಳವಾರವೂ ಬೆವರಿದ. ಬುಧವಾರ ಶಾಹಿದಾ ಅವನ ಮೇಜಿನ ಹತ್ತಿರ ಹೋಗಿ, "ಸಾರ್, ನಾಳೆ ಗುರುವಾರ" ಎಂದಳು. ಅಷ್ಟೇ ಅಂದದ್ದು ಎಂದು ಅವಳು ನನಗೆ ಆಣೆ ಮಾಡಿ ಹೇಳಿದ್ದಾಳೆ. ಗುರುವಾರ ಬೆಳಿಗ್ಗೆ ಮೊಳೆಯಲ್ಲಿ ಬಿಲ್ಲೆ ಇರಲಿಲ್ಲ. ಯಾರಿಗೆ ಬೇಕೆನಿಸಿದರೂ ಎದ್ದು ಹೋಗಿ ಬರಬಹುದು ಎಂದು ಕನ್ನಡದಲ್ಲಿ ಚೀಟಿ ಅಂಟಿಸಿದ್ದರು. ಆ ಬೇಸಿಗೆಯಲ್ಲಿ ಸಂಜೆಯ ಬಸ್ಸಿನಲ್ಲಿ ಖಾಲಿ ನೀರಿನ ಬಾಟಲಿಗಳು ಉರುಳಾಡುತ್ತಿದ್ದವು. ಅದನ್ನು ನೋಡಲು ಆಂಜಿನಮ್ಮ ಮಾತ್ರ ಆ ಬಸ್ಸಿನಲ್ಲಿರಲಿಲ್ಲ.

ಎಂಟು ತಿಂಗಳು ಅವಳಿಗೆ ಎಲ್ಲಿಯೂ ಕೆಲಸ ಸಿಗಲಿಲ್ಲ. ಸುತ್ತಲಿನ ಗಾರ್ಮೆಂಟ್ಸಿನವರಿಗೆಲ್ಲ ಅವಳ ಹೆಸರು ಗೊತ್ತಾಗಿತ್ತು. ಮನೆಯಲ್ಲಿ ಬ್ಲೌಸು ಹೊಲಿದಳು, ಬೇರೆಯವರ ತೋಟದಲ್ಲಿ ಬೀನ್ಸು ಕಿತ್ತಳು. ಅವಳ ಮನೆಗೆ ಹೋಗಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡೆ, ಹೋಗಲಿಲ್ಲ. ಹಾಕಿಬಿಡು ಎಂದಿದ್ದ ಬಾಯನ್ನು ಹೊತ್ತುಕೊಂಡು ಹೇಗೆ ಹೋಗುವುದು?

ಕೊನೆಗೆ ಅವಳೇ ಸಿಕ್ಕಳು, ಮಾಲೂರು ಬಸ್‌ಸ್ಟ್ಯಾಂಡಿನಲ್ಲಿ. ಹೊಸೂರಿನ ಬಸ್ಸಿಗೆ ಕಾಯುತ್ತಿದ್ದಳು. ಸ್ವಲ್ಪ ಇಳಿದುಹೋಗಿದ್ದಳು, ದನಿ ಇಳಿದಿರಲಿಲ್ಲ. "ಮೇಡಂ! ಯಾರೋ ಒಳ್ಳೆ ಟೈಲರ್ ಸಿಕ್ಕವ್ನೆ ನಿಮ್ಗೆ" ಎಂದು ನನ್ನ ತೋಳು ತಿರುಗಿಸಿ ನೋಡಿದಳು. ನಾನು ಕಾಯದೆ ಹೇಳಿಬಿಟ್ಟೆ, ಅವತ್ತು ಸಹಿ ಹಾಕು ಅಂದದ್ದು ತಪ್ಪು, ಕ್ಷಮಿಸು ಎಂದು.

"ಅಯ್ಯೋ ಬಿಡಿ ಮೇಡಂ. ನೀವು ಅಂದಿದ್ದು ನನ್ನ ಹೊಟ್ಟೆ ನೋಡಿ. ತಪ್ಪೇನೈತೆ? ಪೆನ್ನೂ ನೀವೇ ಕೊಟ್ರಲ್ಲ." ಆಮೇಲೆ ತಾನಾಗಿಯೇ ಸುದ್ದಿ ಹೇಳಿದಳು. ಹೊಸೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ಸೇರಿ ಎರಡು ವಾರವಾಯಿತು. ಕಾಲರು ಹೋಗಿ ಈಗ ಜೇಬಿನ ಕೆಲಸ.

"ಅಲ್ಲಿ ಹೇಗೆ? ಬಿಲ್ಲೆ ಗಿಲ್ಲೆ ಇಲ್ಲ ತಾನೇ?" ಎಂದೆ.

"ಐತೆ ಮೇಡಂ. ಐವತ್ತು ಜನಕ್ಕೆ ಎರಡು."

ನನಗೆ ಗಾಬರಿಯಾಯಿತು. "ಆಂಜಿನಮ್ಮ, ಈಗಷ್ಟೇ ಸೇರಿದ್ದೀಯ. ಎಂಟು ತಿಂಗಳು ಮನೆಯಲ್ಲಿದ್ದು ಬಂದಿದ್ದೀಯ" ಎಂದೆ.

"ಗೊತ್ತು ಮೇಡಂ. ಅದಕ್ಕೇ ಇನ್ನೂ ಹೆಸರು ಕೇಳ್ತಾ ಇದ್ದೀನಿ. ಹದಿನೇಳು ಜನದ್ದು ಗೊತ್ತಾಗೈತೆ. ಅಲ್ಲಿ ತಮಿಳಿನವ್ರು ಜಾಸ್ತಿ, ಒಂಚೂರು ಟೈಮಾಗ್ತದೆ" ಎಂದಳು. ಅಷ್ಟರಲ್ಲಿ ಹೊಸೂರಿನ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತಿದಳು. ಕಿಟಕಿಯಿಂದ ಕೈ ಬೀಸುತ್ತಾಳೇನೋ ಎಂದು ಕಾದೆ. ಆ ಜನದಲ್ಲಿ ಅವಳ ಮುಖ ಕಾಣಲಿಲ್ಲ.

ಇದಾಗಿ ವರ್ಷದ ಮೇಲಾಯಿತು. ಮತ್ತೆ ಅವಳನ್ನು ನೋಡಿಲ್ಲ. ಫೋನು ನಂಬರು ಇಸಿದುಕೊಳ್ಳುವ ಬುದ್ಧಿ ನನಗೆ ಅಂದು ಬರಲಿಲ್ಲ, ಆ ಫ್ಯಾಕ್ಟರಿಯ ಹೆಸರನ್ನೂ ಕೇಳಲಿಲ್ಲ. ಶಾಹಿದಾ ಕೆಲಸ ಬಿಟ್ಟು ಮಗಳ ಊರಿಗೆ ಹೋದಳು, ಸುದ್ದಿ ತರುವವರೂ ಇಲ್ಲ. ಐವತ್ತು ಹೆಸರು ಪೂರ್ತಿಯಾದವೋ, ಅಲ್ಲಿಯೂ ಒಂದು ಮಧ್ಯಾಹ್ನ ಮಿಷನ್ನುಗಳೆಲ್ಲ ಒಟ್ಟಿಗೆ ನಿಂತವೋ, ನನಗೆ ಗೊತ್ತಿಲ್ಲ. ಅಲ್ಲಿಯ ಮ್ಯಾನೇಜರಿಗೆ ಮಾತ್ರ ಇಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಾಗಿರುತ್ತದೆ.